ಜಠರದ ದೀರ್ಘಕಾಲದ ಉರಿಯೂತ, ಜೀನ್‌ಗಳ ಮೀಥೈಲೇಷನ್ ಮತ್ತು ಕ್ಯಾನ್ಸರ್: ಒಂದು ಬಯಾಪ್ಸಿ ವರದಿಯಿಂದ ಎದ್ದ ಪ್ರಶ್ನೆಗಳು

ಸುಂಟಿಕೊಪ್ಪದ ವಿಜ್ಞಾನ ಶಿಕ್ಷಕಿ

ನನ್ನ ಮಾವನವರು ಹೊಟ್ಟೆಯುರಿ, ತೇಗು, ಊಟವಾದ ಮೇಲಿನ ಭಾರ ಇವನ್ನೆಲ್ಲ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿನಿಂದ ಕರೆದು, ವರ್ಷಗಟ್ಟಲೆ ಮೆಡಿಕಲ್ ಅಂಗಡಿಯ ಮಾತ್ರೆ ನುಂಗುತ್ತ ಬಂದವರು. ಈಚೆಗೆ ರಕ್ತಹೀನತೆ ಕಾಣಿಸಿಕೊಂಡದ್ದರಿಂದ ಮೈಸೂರಿಗೆ ಕರೆದೊಯ್ದು ಎಂಡೋಸ್ಕೋಪಿ ಮಾಡಿಸಿದೆವು. ಬಯಾಪ್ಸಿ ವರದಿಯಲ್ಲಿ ಜಠರದ ಕೆಳಭಾಗ ಮತ್ತು ಮಧ್ಯಭಾಗ ಎರಡರಲ್ಲಿಯೂ ದೀರ್ಘಕಾಲದ ಉರಿಯೂತವಿದೆ, ಲೋಳೆಪೊರೆ ಸವೆದಿದೆ, ಇಂಟೆಸ್ಟೈನಲ್ ಮೆಟಾಪ್ಲೇಸಿಯಾ ಇದೆ, ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಕಂಡುಬಂದಿದೆ, ಡಿಸ್‌ಪ್ಲೇಸಿಯಾ (ಕ್ಯಾನ್ಸರಿಗೆ ಮುಂಚಿನ, ಕೋಶಗಳ ಅಸಹಜ ಬದಲಾವಣೆ) ಇಲ್ಲ ಎಂದು ಬರೆದಿದ್ದಾರೆ. ಹದಿನಾಲ್ಕು ದಿನಗಳ ಔಷಧಿ ಕೊಟ್ಟಿದ್ದಾರೆ. ಕ್ರಿಮಿ ಸತ್ತರೆ ವಿಷಯ ಮುಗಿಯಿತು ಎಂದು ಮನೆಯವರೆಲ್ಲ ನೆಮ್ಮದಿಯಾಗಿದ್ದಾರೆ. ಆದರೆ ಇಂತಹ ಉರಿಯೂತವು ಜೀವಕೋಶಗಳ ಡಿಎನ್‌ಎಯಲ್ಲಿ ಮೀಥೈಲೇಷನ್ ಎಂಬ ಗುರುತುಗಳನ್ನು ಉಳಿಸುತ್ತದೆ, ಕ್ರಿಮಿ ಹೋದ ಮೇಲೂ ಅವು ಅಳಿಯದೇ ಇರಬಹುದು ಎಂದು ಓದಿದ್ದೇನೆ. ಹತ್ತನೆಯ ತರಗತಿಗೆ ಡಿಎನ್‌ಎ ಪಾಠ ಮಾಡುವ ನನಗೇ, ಹೊಟ್ಟೆಯ ಪೊರೆಯ ಮೇಲಿನ ಉರಿಯೂತವು ಕೋಶಕೇಂದ್ರದೊಳಗಿನ ಡಿಎನ್‌ಎಯನ್ನು ಮುಟ್ಟುವುದು ಹೇಗೆ ಎಂಬುದು ಸ್ಪಷ್ಟವಾಗಿಲ್ಲ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಮಡಿಕೇರಿಯ ರೋಗಶಾಸ್ತ್ರಜ್ಞೆ

ಮೇಡಂ, ವರದಿಯನ್ನು ಬರೆಯುವವರ ಕಡೆಯಿಂದ ಮೊದಲು ಹೇಳುತ್ತೇನೆ. ಎಂಡೋಸ್ಕೋಪಿಯಿಂದ ನಮ್ಮ ಕೈಗೆ ಬರುವುದು ಎರಡು ಮೂರು ಮಿಲಿಮೀಟರಿನ ಚೂರುಗಳು. ಆರೋಗ್ಯವಂತ ಜಠರದ ಪೊರೆಯಲ್ಲಿ ಗ್ರಂಥಿಗಳು ಒತ್ತೊತ್ತಾಗಿ ನಿಂತಿರುತ್ತವೆ, ಅವುಗಳ ನಡುವೆ ಬಿಳಿರಕ್ತಕಣಗಳು ವಿರಳ. ನಿಮ್ಮ ಮಾವನವರಂಥವರ ಚೂರಿನಲ್ಲಿ ಗ್ರಂಥಿಗಳ ನಡುವಿನ ಜಾಗವೆಲ್ಲ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳಿಂದ ತುಂಬಿಹೋಗಿರುತ್ತದೆ, ನ್ಯೂಟ್ರೊಫಿಲ್‌ಗಳು ಗ್ರಂಥಿಯ ಗೋಡೆಯೊಳಕ್ಕೇ ನುಗ್ಗಿರುತ್ತವೆ. ಸವೆತ ಎಂದರೆ ಆ ಗ್ರಂಥಿಗಳೇ ಕಡಿಮೆಯಾಗಿರುವುದು. ಮೆಟಾಪ್ಲೇಸಿಯಾ ಎಂದರೆ ಜಠರದಲ್ಲಿ ಇರಬಾರದ, ಕರುಳಿಗೆ ಸೇರಿದ ಗಾಬ್ಲೆಟ್ ಕೋಶಗಳು ಅಲ್ಲಿ ಕಾಣಿಸಿಕೊಳ್ಳುವುದು. ಆಲ್ಶಿಯನ್ ಬ್ಲೂ ಬಣ್ಣ ಹಾಕಿದರೆ ಅವುಗಳೊಳಗಿನ ಲೋಳೆ ನೀಲಿಯಾಗಿ ಎದ್ದು ಕಾಣುತ್ತದೆ.

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ಈ ಬ್ಯಾಕ್ಟೀರಿಯವನ್ನು ಮೊದಲ ಬಾರಿಗೆ ಬೆಳೆಸಿದರು. ಅದಕ್ಕೂ ಮೊದಲು, ಅಷ್ಟು ಆಮ್ಲವಿರುವ ಜಠರದಲ್ಲಿ ಬ್ಯಾಕ್ಟೀರಿಯ ನೆಲೆಸಲಾರದು ಎಂದೇ ವೈದ್ಯಲೋಕ ನಂಬಿತ್ತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲನೆಯ ಗುಂಪಿಗೆ ಸೇರಿಸಿತು. 2005ರಲ್ಲಿ ಆ ಇಬ್ಬರಿಗೂ ನೊಬೆಲ್ ಬಂತು. ಉರಿಯೂತದಿಂದ ಸವೆತ, ಸವೆತದಿಂದ ಮೆಟಾಪ್ಲೇಸಿಯಾ, ಅಲ್ಲಿಂದ ಡಿಸ್‌ಪ್ಲೇಸಿಯಾ, ಕೊನೆಗೆ ಕ್ಯಾನ್ಸರ್ ಎಂಬ ಮೆಟ್ಟಿಲುಗಳನ್ನು ಕ್ರಮವಾಗಿ ವಿವರಿಸಿದವರು ಕೊಲಂಬಿಯಾ ಮೂಲದ ಪೆಲಾಯೊ ಕೊರಿಯಾ. ಈ ದಾರಿಗೆ ದಶಕಗಳು ಹಿಡಿಯುತ್ತವೆ, ಬಹುಪಾಲು ಜನರು ಕೊನೆಯ ಮೆಟ್ಟಿಲನ್ನು ಮುಟ್ಟುವುದೇ ಇಲ್ಲ. ಮೆಟ್ಟಿಲುಗಳು ನಮಗೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಒಂದರಿಂದ ಇನ್ನೊಂದಕ್ಕೆ ಕೋಶವನ್ನು ದಾಟಿಸುವ ಡಿಎನ್‌ಎ ಮಟ್ಟದ ಬದಲಾವಣೆ ಕಾಣುವುದಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಹೇಳಿದರೆ ಒಳ್ಳೆಯದು.

ಗೋಣಿಕೊಪ್ಪದ ಸಂಶೋಧನಾ ವಿದ್ಯಾರ್ಥಿ

ನಾನು ಬೆಂಗಳೂರಿನಲ್ಲಿ ಅಣುಜೀವಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವ ಗೋಣಿಕೊಪ್ಪದವನು. ಶಿಕ್ಷಕಿಯವರ ಪ್ರಶ್ನೆಗೆ ನೇರವಾಗಿ ಬರುತ್ತೇನೆ.

ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೊಸಿನ್‌ಗೆ, ಅದರ ಪಕ್ಕದಲ್ಲಿ ಗ್ವಾನಿನ್ ಇದ್ದಾಗ, ಒಂದು ಇಂಗಾಲ ಮತ್ತು ಮೂರು ಜಲಜನಕ ಪರಮಾಣುಗಳ ಪುಟ್ಟ ಗುಂಪು ಅಂಟಿಕೊಳ್ಳುವುದೇ ಮೀಥೈಲೇಷನ್. ಅಕ್ಷರ ಬದಲಾಗುವುದಿಲ್ಲ, ಆದ್ದರಿಂದ ಇದು ಮ್ಯುಟೇಷನ್ ಅಲ್ಲ. ಬಹಳಷ್ಟು ಜೀನ್‌ಗಳ ಆರಂಭದಲ್ಲಿ, ಅಂದರೆ ಪ್ರೊಮೋಟರ್ ಭಾಗದಲ್ಲಿ, ಇಂತಹ ಜೋಡಿಗಳು ದಟ್ಟವಾಗಿರುತ್ತವೆ ಮತ್ತು ಆರೋಗ್ಯವಂತ ಕೋಶದಲ್ಲಿ ಸಾಮಾನ್ಯವಾಗಿ ಖಾಲಿಯಾಗಿಯೇ ಇರುತ್ತವೆ. ಅಲ್ಲಿ ಮೀಥೈಲ್ ಗುಂಪುಗಳು ಕಿಕ್ಕಿರಿದರೆ ಆ ಜೀನ್ ಕೆಲಸ ನಿಲ್ಲಿಸುತ್ತದೆ. ಕೋಶ ವಿಭಜನೆಯಾದಾಗ ಡಿಎನ್‌ಎಂಟಿ1 ಎಂಬ ಕಿಣ್ವವು ಹಳೆಯ ಎಳೆಯ ಗುರುತುಗಳನ್ನು ಹೊಸ ಎಳೆಗೂ ನಕಲು ಮಾಡುವುದರಿಂದ, ಒಮ್ಮೆ ಮುಚ್ಚಿದ ಜೀನ್ ಮರಿಕೋಶಗಳಲ್ಲಿಯೂ ಮುಚ್ಚಿಯೇ ಇರುತ್ತದೆ.

ಈಗ ಉರಿಯೂತದ ಪಾತ್ರ. ಬ್ಯಾಕ್ಟೀರಿಯದ ವಿರುದ್ಧ ಹೋರಾಡಲು ಬಂದ ಮ್ಯಾಕ್ರೊಫೇಜ್‌ನಂತಹ ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್ ಮುಂತಾದ ಸಂದೇಶ ರಾಸಾಯನಿಕಗಳನ್ನೂ ನೈಟ್ರಿಕ್ ಆಕ್ಸೈಡನ್ನೂ ಸುತ್ತಲೂ ಬಿಡುತ್ತವೆ. ಪಕ್ಕದ ಪೊರೆಕೋಶಗಳ ಮೇಲಿನ ಗ್ರಾಹಕಗಳು ಈ ಸಂದೇಶವನ್ನು ಹಿಡಿಯುತ್ತವೆ, ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಕೋಶಕೇಂದ್ರವನ್ನು ಪ್ರವೇಶಿಸುತ್ತದೆ, ಜೀನ್‌ಗಳ ಕೆಲಸವನ್ನು ತಗ್ಗಿಸುವ ಪುಟ್ಟ ಅಣುಗಳಾದ ಕೆಲವು ಮೈಕ್ರೊ ಆರ್‌ಎನ್‌ಎಗಳು ಹೆಚ್ಚಾಗುತ್ತವೆ, ಅವು ಟೆಟ್ ಎಂಬ ಕಿಣ್ವಗಳನ್ನು ಕುಗ್ಗಿಸುತ್ತವೆ. ಟೆಟ್ ಕಿಣ್ವಗಳ ಕೆಲಸವೇ ಅನಗತ್ಯ ಮೀಥೈಲ್ ಗುರುತುಗಳನ್ನು ತೆಗೆಯುವುದು. ಇನ್ನೊಂದು ಕಡೆಯಿಂದ ನೈಟ್ರಿಕ್ ಆಕ್ಸೈಡ್ ಮೀಥೈಲ್ ಹಚ್ಚುವ ಕಿಣ್ವಗಳ ಚಟುವಟಿಕೆಯನ್ನು ಏರಿಸುತ್ತದೆ. ತೆಗೆಯುವವರು ಕಡಿಮೆಯಾಗಿ, ಹಚ್ಚುವವರು ಚುರುಕಾದಾಗ ಅಸಹಜ ಮೀಥೈಲೇಷನ್ ಬಲವಾಗಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಜಪಾನಿನ ತೊಶಿಕಾಜು ಉಶಿಜಿಮಾ ಅವರ ತಂಡವು 2020ರಲ್ಲಿ ತೋರಿಸಿತು. ಹೊಟ್ಟೆಯ ಪೊರೆಯಿಂದ ಕೋಶಕೇಂದ್ರದವರೆಗಿನ ದಾರಿ ಇದು.

ನಾಪೋಕ್ಲುವಿನ ಕಾಫಿ ಬೆಳೆಗಾರ

ಗೋಣಿಕೊಪ್ಪದ ತಮ್ಮನವರ ವಿವರಣೆಯನ್ನು ನಮ್ಮ ಗದ್ದೆಯ ಲೆಕ್ಕದಲ್ಲಿ ಹೀಗೆ ಅರ್ಥ ಮಾಡಿಕೊಂಡೆ: ತೋಡಿನಲ್ಲಿ ನೀರಿದೆ, ಕಾಲುವೆ ಒಡೆದಿಲ್ಲ, ಆದರೆ ತೂಬಿಗೆ ಯಾರೋ ಮಣ್ಣು ಮೆತ್ತಿದ್ದಾರೆ, ಹೀಗಾಗಿ ಗದ್ದೆಗೆ ನೀರು ಇಳಿಯುವುದಿಲ್ಲ. ಇದು ಸರಿಯಿದ್ದರೆ ನನ್ನ ಪ್ರಶ್ನೆ ಎರಡು. ಮಣ್ಣು ಮೆತ್ತುವುದು ಬ್ಯಾಕ್ಟೀರಿಯವೋ, ಉರಿಯೂತವೋ? ಉರಿಯೂತವೇ ಆದರೆ, ಖಾರದ ಪಂದಿ ಕರಿ, ಅದಕ್ಕೆ ಹಾಕುವ ಕಾಚಂಪುಳಿ ಎಂಬ ಹುಳಿ, ಅಟ್ಟದ ಮೇಲೆ ಒಲೆಯ ಹೊಗೆಗೆ ಒಣಗಿಸಿದ ಮಾಂಸ, ಸಂಜೆಯ ಮದ್ಯ ಇವೂ ಹೊಟ್ಟೆಯನ್ನು ಕೆರಳಿಸುತ್ತವಲ್ಲ, ಅವೂ ಇದೇ ಕೆಲಸ ಮಾಡುತ್ತವೆಯೇ? ನಮ್ಮ ಮನೆಗಳಲ್ಲಿ ದಿನನಿತ್ಯ ಎದುರಾಗುವ ಪ್ರಶ್ನೆಯಾದ್ದರಿಂದ ಕೇಳುತ್ತಿದ್ದೇನೆ.

ಗೋಣಿಕೊಪ್ಪದ ಸಂಶೋಧನಾ ವಿದ್ಯಾರ್ಥಿ

ಅಣ್ಣನವರು ತೂಬಿನ ವಿಷಯ ಸರಿಯಾಗಿಯೇ ಹಿಡಿದಿದ್ದಾರೆ. ಬ್ಯಾಕ್ಟೀರಿಯವೋ ಉರಿಯೂತವೋ ಎಂಬ ಪ್ರಶ್ನೆಯನ್ನು ಪ್ರಯೋಗದಿಂದಲೇ ಬಿಡಿಸಿದ್ದಾರೆ, ಮತ್ತು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಯೋಗ ಅದೇ. ಮಂಗೋಲಿಯದ ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಗೆ ಪೈಲೋರಿ ಸೋಂಕು ತಗುಲಿಸಿದರೆ ಮನುಷ್ಯರಂತೆಯೇ ಜಠರದ ಉರಿಯೂತ ಬರುತ್ತದೆ, ಮೀಥೈಲೇಷನ್ ಏರುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕು ತಗುಲಿದ ಕೆಲವು ಜರ್ಬಿಲ್‌ಗಳಿಗೆ ಸೈಕ್ಲೋಸ್ಪೊರಿನ್ ಎಂಬ, ರೋಗನಿರೋಧಕ ಪ್ರತಿಕ್ರಿಯೆಯನ್ನು ಅಡಗಿಸುವ ಔಷಧಿ ಕೊಟ್ಟರು. ಬ್ಯಾಕ್ಟೀರಿಯದ ಸಂಖ್ಯೆ ಇಳಿಯಲಿಲ್ಲ. ಉರಿಯೂತ ಮಾತ್ರ ತಗ್ಗಿತು. ಮೀಥೈಲೇಷನ್ ಕೂಡ ಬಹುಮಟ್ಟಿಗೆ ತಡೆಯಲ್ಪಟ್ಟಿತು. ಹಾಗಾಗಿ ಗುರುತು ಹಚ್ಚುವುದು ಬ್ಯಾಕ್ಟೀರಿಯ ತಾನೇ ಅಲ್ಲ, ಅದಕ್ಕೆ ದೇಹವು ತೋರುವ ಪ್ರತಿಕ್ರಿಯೆ.

ಎರಡನೆಯ ಪ್ರಶ್ನೆಗೂ ಅದೇ ತಂಡದ ಮುಂದಿನ ಕೆಲಸದಲ್ಲಿ ಉತ್ತರವಿದೆ. ಜರ್ಬಿಲ್‌ಗಳ ಜಠರವನ್ನು ಮದ್ಯಸಾರದಿಂದಲೂ ಅತಿಯಾದ ಉಪ್ಪಿನಿಂದಲೂ ಕೆರಳಿಸಿ ನೋಡಿದರು. ಉರಿಯೂತ ಬಂತು, ಕೋಶಗಳ ವಿಭಜನೆಯೂ ಹೆಚ್ಚಿತು, ಆದರೆ ಪೈಲೋರಿ ತರುವ ಬಗೆಯ ಮೀಥೈಲೇಷನ್ ಬರಲಿಲ್ಲ. ಎಲ್ಲ ಉರಿಯೂತವೂ ಒಂದೇ ಬಗೆಯದಲ್ಲ. ವರ್ಷಾನುಗಟ್ಟಲೆ ಬಿಡದೆ ನಿಲ್ಲುವ, ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ನೈಟ್ರಿಕ್ ಆಕ್ಸೈಡ್ ತುಂಬಿದ ಉರಿಯೂತವೇ ಇಲ್ಲಿ ಅಪಾಯಕಾರಿ.

ಮಡಿಕೇರಿಯ ರೋಗಶಾಸ್ತ್ರಜ್ಞೆ

ಇದನ್ನು ಓದಿ ಉಪ್ಪು, ಮದ್ಯ, ಹೊಗೆಯ ಮಾಂಸಕ್ಕೆ ದೋಷವೇ ಇಲ್ಲ ಎಂದು ಯಾರೂ ಭಾವಿಸಬಾರದು. ಅವು ಬೇರೆ ದಾರಿಯಿಂದ ಹಾನಿ ಮಾಡುತ್ತವೆ. ಅತಿಯಾದ ಉಪ್ಪು ಲೋಳೆಪದರವನ್ನು ಹಾಳುಮಾಡಿ ಪೈಲೋರಿಗೆ ಅನುಕೂಲ ಮಾಡಿಕೊಡುತ್ತದೆ. ಹೊಗೆಯಲ್ಲಿ ಒಣಗಿದ ಮತ್ತು ಉಪ್ಪು ಹಾಕಿ ಇಟ್ಟ ಮಾಂಸದಲ್ಲಿ ಡಿಎನ್‌ಎಗೆ ನೇರವಾಗಿ ಹಾನಿ ಮಾಡುವ ನೈಟ್ರೊಸೊ ಸಂಯುಕ್ತಗಳು ಮತ್ತು ಹೊಗೆಯ ಹೈಡ್ರೊಕಾರ್ಬನ್‌ಗಳು ಸೇರಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಜಠರದ ಕ್ಯಾನ್ಸರ್ ಅತಿ ಹೆಚ್ಚಾಗಿ ಕಾಣುವ ರಾಜ್ಯ ಮಿಜೋರಾಂ. ಹೊಗೆಯ ಮಾಂಸ, ಹುದುಗಿಸಿದ ಹಂದಿಕೊಬ್ಬು, ಹೊಗೆಸೊಪ್ಪಿನ ಹೊಗೆಯನ್ನು ನೀರಿಗಿಳಿಸಿ ತಯಾರಿಸುವ ತುಯಿಬುರ್ ಎಂಬ ದ್ರವ, ಇವುಗಳ ಜೊತೆಗಿನ ಸಂಬಂಧವನ್ನು ಅಲ್ಲಿ ಅಧ್ಯಯನ ಮಾಡಿದ್ದಾರೆ. ಕಾಚಂಪುಳಿಯ ಹುಳಿಯ ಬಗ್ಗೆ ಭಯ ಬೇಡ, ಜಠರ ತಾನೇ ಸುರಿಸುವ ಹೈಡ್ರೊಕ್ಲೋರಿಕ್ ಆಮ್ಲ ಅದಕ್ಕಿಂತ ತೀಕ್ಷ್ಣ. ತಾಜಾ ಮಾಂಸದ ಕರಿ ಬೇರೆ, ತಿಂಗಳುಗಟ್ಟಲೆ ಹೊಗೆಗೆ ತೂಗಿದ ಮಾಂಸ ಬೇರೆ. ಎರಡನೆಯದನ್ನು ಹಬ್ಬಕ್ಕೋ ಮಳೆಗಾಲದ ಒಂದೆರಡು ದಿನಕ್ಕೋ ಸೀಮಿತಗೊಳಿಸಿ ಎನ್ನುವುದು ನನ್ನ ಸಲಹೆ. ತಂಬಾಕನ್ನಂತೂ ಪೂರ್ತಿ ಬಿಡಬೇಕು.

ವಿರಾಜಪೇಟೆಯ ನಿವೃತ್ತ ಬ್ಯಾಂಕ್ ಅಧಿಕಾರಿ

ಚರ್ಚೆ ಉಪಯುಕ್ತವಾಗಿದೆ, ಆದರೆ ಒಂದು ಆಕ್ಷೇಪ. ಭಾರತದಲ್ಲಿ ದೊಡ್ಡವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಈ ಸೋಂಕು ಇದೆ ಎನ್ನುತ್ತಾರೆ. ಜಠರದ ಕ್ಯಾನ್ಸರ್ ಮಾತ್ರ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ನಮ್ಮಲ್ಲಿ ಬಹಳ ಕಡಿಮೆ. ಉರಿಯೂತದಿಂದ ಮೀಥೈಲೇಷನ್, ಮೀಥೈಲೇಷನ್‌ನಿಂದ ಕ್ಯಾನ್ಸರ್ ಎಂಬ ಸರಪಳಿ ಅಷ್ಟು ನಿಶ್ಚಿತವಾದರೆ ಈ ಅಂತರ ಏಕೆ? ಹೊಟ್ಟೆಯುರಿ ಇದ್ದವರೆಲ್ಲ ಹೆದರಿ ಎಂಡೋಸ್ಕೋಪಿಗೆ ಓಡುವಂತೆ ಆಗಬಾರದು.

ಗೋಣಿಕೊಪ್ಪದ ಸಂಶೋಧನಾ ವಿದ್ಯಾರ್ಥಿ

ಸರ್, ನಿಮ್ಮ ಆಕ್ಷೇಪ ನ್ಯಾಯವಾದದ್ದು. ವೈದ್ಯಸಾಹಿತ್ಯದಲ್ಲಿ ಈ ಅಂತರವನ್ನು ಏಷ್ಯಾದ ಒಗಟು ಎಂದೇ ಕರೆಯುತ್ತಾರೆ. ಸೋಂಕಿತರಲ್ಲಿ ಸುಮಾರು ಶೇಕಡ 1ರಿಂದ 3ರಷ್ಟು ಜನರಿಗೆ ಮಾತ್ರ ಕ್ಯಾನ್ಸರ್ ಬರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಬ್ಯಾಕ್ಟೀರಿಯದ ತಳಿಯಲ್ಲಿ ವ್ಯತ್ಯಾಸವಿದೆ: ಕ್ಯಾಗ್-ಎ ಎಂಬ ಪ್ರೋಟೀನನ್ನು ಕೋಶದೊಳಗೆ ಚುಚ್ಚುವ ತಳಿಗಳು ಹೆಚ್ಚು ಉರಿಯೂತ ತರುತ್ತವೆ, ಮತ್ತು ಪೂರ್ವ ಏಷ್ಯಾದ ಕ್ಯಾಗ್-ಎ ರೂಪವು ಇನ್ನೂ ತೀವ್ರ. ಮನುಷ್ಯರಲ್ಲಿಯೂ ವ್ಯತ್ಯಾಸವಿದೆ: ಇಂಟರ್‌ಲ್ಯೂಕಿನ್-1 ಬೀಟಾ ಹೆಚ್ಚು ಉತ್ಪತ್ತಿಯಾಗುವಂಥ ಜೀನ್ ರೂಪ ಇದ್ದವರಿಗೆ ಜಠರದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ಎಮಾದ್ ಎಲ್-ಒಮರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಈ ಸಂದೇಶ ರಾಸಾಯನಿಕವು ಆಮ್ಲ ಸ್ರಾವವನ್ನೂ ಬಲವಾಗಿ ತಡೆಯುತ್ತದೆ. ಆಮ್ಲ ಕಡಿಮೆಯಾದಾಗ ಉರಿಯೂತವು ಜಠರದ ಕೆಳಭಾಗದಿಂದ ಮೇಲಕ್ಕೆ ಹರಡುತ್ತದೆ. ಸರಪಳಿ ಇದೆ, ಆದರೆ ಪ್ರತಿಯೊಂದು ಕೊಂಡಿಯಲ್ಲಿಯೂ ಬಹಳ ಜನರು ಹೊರಗುಳಿಯುತ್ತಾರೆ.

ಮೀಥೈಲೇಷನ್ ಆದ ಜೀನ್‌ಗಳೆಲ್ಲವೂ ಕ್ಯಾನ್ಸರಿಗೆ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಉರಿಯೂತದಲ್ಲಿ ನೂರಾರು ಜೀನ್‌ಗಳಿಗೆ ಗುರುತು ಬೀಳುತ್ತದೆ, ಅವುಗಳಲ್ಲಿ ಹೆಚ್ಚಿನವು ಮೊದಲೇ ಆ ಕೋಶದಲ್ಲಿ ಅಷ್ಟಾಗಿ ಕೆಲಸ ಮಾಡದಿದ್ದವು. ಕೆಲವೇ ಜೀನ್‌ಗಳು ಮುಚ್ಚಿಹೋದಾಗ ಪರಿಣಾಮ ದೊಡ್ಡದು. ಎಂಎಲ್‌ಎಚ್1 ಜೀನ್ ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ಕೆಲಸದ್ದು. ಅದು ಮುಚ್ಚಿದರೆ ತಪ್ಪುಗಳು ರಾಶಿ ಬೀಳುತ್ತವೆ. ಪಿ16 ಕೋಶದ ವಿಭಜನೆಗೆ ತಡೆ ಹಾಕುವ ಜೀನ್. ಸಿಡಿಎಚ್1 ಜೀನ್ ತಯಾರಿಸುವ ಇ-ಕ್ಯಾಡ್‌ಹೆರಿನ್ ಕೋಶಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುತ್ತದೆ. ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳಲ್ಲಿ ಸಿಡಿಎಚ್1ರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುವುದು 1998ರಲ್ಲಿ ಗೊತ್ತಾಯಿತು. ಇಂತಹ ಆನುವಂಶಿಕ ಕ್ಯಾನ್ಸರಿನಲ್ಲಿ ಉಳಿದ ಒಳ್ಳೆಯ ಪ್ರತಿಯನ್ನು ಹಲವು ಸಲ ಮುಚ್ಚಿಹಾಕುವುದು ಮೀಥೈಲೇಷನ್.

2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯು 295 ಜಠರ ಗೆಡ್ಡೆಗಳನ್ನು ಪರೀಕ್ಷಿಸಿ ನಾಲ್ಕು ಬಗೆಗಳಾಗಿ ವಿಂಗಡಿಸಿತು. ಎಪ್‌ಸ್ಟೈನ್-ಬಾರ್ ವೈರಸ್ ಇರುವ ಶೇಕಡ 9ರಷ್ಟು ಗೆಡ್ಡೆಗಳಲ್ಲಿ ಮೀಥೈಲೇಷನ್ ವಿಪರೀತವಾಗಿತ್ತು, ಪಿ16 ಮುಚ್ಚಿತ್ತು. ಶೇಕಡ 22ರಷ್ಟು ಗೆಡ್ಡೆಗಳು ಡಿಎನ್‌ಎ ತಿದ್ದುವ ವ್ಯವಸ್ಥೆ ಕೆಟ್ಟವು. ಇವುಗಳಲ್ಲಿ ಎಂಎಲ್‌ಎಚ್1 ಮುಚ್ಚಿರುವುದು ವಿಶಿಷ್ಟ ಲಕ್ಷಣ. ಈ ಎರಡನೆಯ ಬಗೆಯವು ಇಮ್ಯುನೊಥೆರಪಿಗೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆಗೆ, ಚೆನ್ನಾಗಿ ಸ್ಪಂದಿಸುವುದರಿಂದ ಇದು ಕೇವಲ ವಿಂಗಡಣೆಯಾಗಿ ಉಳಿದಿಲ್ಲ, ಚಿಕಿತ್ಸೆಯ ಆಯ್ಕೆಯನ್ನೇ ಬದಲಿಸುತ್ತಿದೆ.

ಸಿದ್ದಾಪುರ ಬಳಿಯ ತೋಟದ ಆಸ್ಪತ್ರೆಯ ನರ್ಸ್

ಬ್ಯಾಂಕ್ ಅಧಿಕಾರಿಗಳು ಹೇಳಿದಂತೆ ಎಲ್ಲರೂ ಹೆದರಬೇಕಾಗಿಲ್ಲ, ನಿಜ. ಆದರೆ ನಾನು ನೋಡುವುದು ಇದಕ್ಕೆ ವಿರುದ್ಧವಾದ ಕಷ್ಟ: ಹೆದರಬೇಕಾದವರೂ ಹೆದರುವುದಿಲ್ಲ. ತೋಟದ ಲೈನ್ ಮನೆಗಳಿಂದ ಬರುವ ಕಾರ್ಮಿಕರು 'ಸಿಸ್ಟರ್, ಗ್ಯಾಸ್ ಮಾತ್ರೆ ಕೊಡಿ' ಎಂದಷ್ಟೇ ಕೇಳುತ್ತಾರೆ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಬಿಟ್ಟು ಮೈಸೂರಿಗೋ ಮಂಗಳೂರಿಗೋ ಹೋಗಿ ಎಂಡೋಸ್ಕೋಪಿ ಮಾಡಿಸಿಕೊಳ್ಳುವುದು ಅವರಿಗೆ ಸುಲಭದ ಮಾತಲ್ಲ. ಸೀರೆಯ ನೆರಿಗೆ ಸಡಿಲವಾಗುತ್ತ ಬಂದಿದೆ ಎಂದು ತಾವೇ ಹೇಳುವ ಹೆಂಗಸರೂ ಅದನ್ನು ತೂಕ ಇಳಿದದ್ದೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಸಿಕ್ಕಿಕೊಳ್ಳುವುದು, ಮಲ ಕಪ್ಪಾಗುವುದು, ಮರಳಿ ಮರಳಿ ವಾಂತಿ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ಮಾತ್ರೆಯಲ್ಲಿ ದಿನ ದೂಡಬಾರದು. ಆಮ್ಲ ತಗ್ಗಿಸುವ ಮಾತ್ರೆಯು ಉರಿಯನ್ನು ಶಮನ ಮಾಡುತ್ತದೆ, ಬ್ಯಾಕ್ಟೀರಿಯವನ್ನು ಹೊರಗೆ ಹಾಕುವುದಿಲ್ಲ.

ಈ ಸೋಂಕು ಹೆಚ್ಚಾಗಿ ಬಾಲ್ಯದಲ್ಲಿಯೇ, ಮನೆಯೊಳಗೇ ಹರಡುತ್ತದೆ ಎಂದು ಕೇಳಿದ್ದೇನೆ. ಒಂದೇ ಕೋಣೆಯಲ್ಲಿ ಆರೇಳು ಜನರು ಮಲಗುವ, ಶೌಚಾಲಯಕ್ಕೂ ಕುಡಿಯುವ ನೀರಿಗೂ ಸಾಕಷ್ಟು ವ್ಯವಸ್ಥೆಯಿಲ್ಲದ ಮನೆಗಳಲ್ಲಿ ಬೆಳೆಯುವ ಮಕ್ಕಳ ಪಾಲಿಗೆ ಇದು ಯೋಚಿಸಬೇಕಾದ ವಿಷಯ.

ಮಡಿಕೇರಿಯ ರೋಗಶಾಸ್ತ್ರಜ್ಞೆ

ಸಿಸ್ಟರ್ ಹೇಳಿದ ಕೊನೆಯ ಮಾತು ಈ ಚರ್ಚೆಯ ತಿರುಳಿಗೆ ಸೇರಿದ್ದು. ಸೋಂಕು ಐದಾರನೆಯ ವಯಸ್ಸಿನಲ್ಲಿ ತಗುಲಿ, ಅರವತ್ತರಲ್ಲಿ ಪತ್ತೆಯಾದರೆ ಉರಿಯೂತಕ್ಕೆ ಐವತ್ತು ವರ್ಷಗಳ ಕಾಲಾವಕಾಶ ಸಿಕ್ಕಂತಾಯಿತು. ಶುದ್ಧ ನೀರು, ಶೌಚಾಲಯ, ವಿಶಾಲವಾದ ಮನೆ ಇವು ಸಿಕ್ಕಿದ ಸಮಾಜಗಳಲ್ಲಿ ಯಾವ ಮಾತ್ರೆಯೂ ಇಲ್ಲದೆಯೇ ಪೈಲೋರಿ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತ ಬಂದಿದೆ. ಲೈನ್ ಮನೆಗಳ ದುರಸ್ತಿ ಕೂಡ ಕ್ಯಾನ್ಸರ್ ತಡೆಯುವ ಕೆಲಸವೇ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಸುಂಟಿಕೊಪ್ಪದ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ಇನ್ನು ಮೂಲ ಪ್ರಶ್ನೆ: ಔಷಧಿಯಿಂದ ಕ್ರಿಮಿ ಹೋದರೆ ಹಳೆಯ ಗುರುತುಗಳ ಗತಿಯೇನು? ಅವುಗಳನ್ನು ಅಳೆಯುವ ಪರೀಕ್ಷೆ, ಅಳಿಸುವ ಔಷಧಿ ಇದೆಯೇ? ಮಾವನವರ ಅಣ್ಣ ಜಠರದ ಕ್ಯಾನ್ಸರಿನಿಂದಲೇ ತೀರಿಕೊಂಡವರು ಎಂಬುದನ್ನೂ ಇಲ್ಲಿ ಹೇಳಬೇಕು.

ಗೋಣಿಕೊಪ್ಪದ ಸಂಶೋಧನಾ ವಿದ್ಯಾರ್ಥಿ

ಕ್ರಿಮಿ ಹೋದ ಮೇಲೆ ಮೀಥೈಲೇಷನ್ ಮಟ್ಟ ಇಳಿಯುತ್ತದೆ, ಆದರೆ ಎಂದೂ ಸೋಂಕು ತಗುಲದವರ ಮಟ್ಟಕ್ಕೆ ಬರುವುದಿಲ್ಲ. ಜಠರದ ಮೇಲ್ಪದರದ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಬರುತ್ತವೆ. ಅವುಗಳಲ್ಲಿದ್ದ ಗುರುತುಗಳು ಅವುಗಳೊಂದಿಗೇ ಹೋಗುತ್ತವೆ. ಗ್ರಂಥಿಯೊಳಗಿನ, ಹೊಸ ಕೋಶಗಳನ್ನು ಹುಟ್ಟಿಸುವ ಆಕರಕೋಶಗಳಲ್ಲಿ (ಸ್ಟೆಮ್ ಸೆಲ್) ಬಿದ್ದ ಗುರುತುಗಳು ಮಾತ್ರ ಉಳಿದು, ಅವು ಹುಟ್ಟಿಸುವ ಪ್ರತಿಯೊಂದು ಕೋಶಕ್ಕೂ ದಾಟುತ್ತವೆ. ಹೀಗೆ ನೋಡುವುದಕ್ಕೆ ಸಹಜವಾಗಿರುವ ಪೊರೆಯ ವಿಶಾಲ ಭಾಗವೇ ಕ್ಯಾನ್ಸರಿಗೆ ಅಣಿಯಾಗಿರಬಹುದು. 2006ರಲ್ಲಿ ಉಶಿಜಿಮಾ ತಂಡವು ಕ್ಯಾನ್ಸರ್ ಇಲ್ಲದವರ ಜಠರದ ಪೊರೆಯನ್ನು ಹೋಲಿಸಿದಾಗ, ಸೋಂಕಿತರಲ್ಲಿ ಮೀಥೈಲೇಷನ್ ಜೀನಿಗೆ ತಕ್ಕಂತೆ 5.4 ಪಟ್ಟಿನಿಂದ 303 ಪಟ್ಟಿನವರೆಗೆ ಹೆಚ್ಚಿತ್ತು. ಸೋಂಕು ಹೋದವರಲ್ಲಿ, ಕ್ಯಾನ್ಸರ್ ಬಂದಿದ್ದವರ ಪೊರೆಯ ಮಟ್ಟವು ಬಾರದವರಿಗಿಂತ ಮೇಲಿತ್ತು.

ಮಿರ್-124ಎ-3 ಎಂಬ ಜೀನಿನ ಮೀಥೈಲೇಷನ್ ಮಟ್ಟ ಹೆಚ್ಚಿದ್ದವರಲ್ಲಿ, ಎಂಡೋಸ್ಕೋಪಿಯಿಂದ ಆರಂಭದ ಕ್ಯಾನ್ಸರ್ ತೆಗೆಸಿಕೊಂಡ ಮೇಲೂ ಜಠರದ ಇನ್ನೊಂದು ಕಡೆ ಕ್ಯಾನ್ಸರ್ ಹುಟ್ಟುವ ಅಪಾಯ ಹೆಚ್ಚು ಎಂದು ಜಪಾನಿನ ಹಲವು ಆಸ್ಪತ್ರೆಗಳ ಜಂಟಿ ಅಧ್ಯಯನ ತೋರಿಸಿದೆ. ನಿಮ್ಮ ಮಾವನವರ ಚಿಕಿತ್ಸೆಯನ್ನು ನಿರ್ಧರಿಸಲು ಇಂತಹ ಪರೀಕ್ಷೆ ಈಗ ಬೇಕಾಗಿಲ್ಲ, ಬಯಾಪ್ಸಿಯೇ ಸಾಕು. ಅಳಿಸುವ ಔಷಧಿಯ ಬಗ್ಗೆ ಹೇಳುವುದಾದರೆ, ಮೀಥೈಲ್ ಗುರುತುಗಳನ್ನು ಅಳಿಸುವ ಡೆಸಿಟಬಿನ್ ಎಂಬ ಔಷಧಿ ಕೊಟ್ಟ ಜರ್ಬಿಲ್‌ಗಳಲ್ಲಿ ಜಠರದ ಕ್ಯಾನ್ಸರ್ ಕಡಿಮೆಯಾದದ್ದು 2013ರಲ್ಲಿ ವರದಿಯಾಗಿದೆ. ಆದರೆ ಅದು ಮಜ್ಜೆಯ ರೋಗಗಳಿಗೆ ಬಳಸುವ ತೀಕ್ಷ್ಣ ಔಷಧಿ, ರಕ್ತಕಣಗಳನ್ನು ಇಳಿಸುತ್ತದೆ. ಆರೋಗ್ಯವಾಗಿ ಓಡಾಡುವವರಿಗೆ ಮುನ್ನೆಚ್ಚರಿಕೆಗೆಂದು ಕೊಡುವಂಥದ್ದಲ್ಲ.

ಮಡಿಕೇರಿಯ ರೋಗಶಾಸ್ತ್ರಜ್ಞೆ

ಮೇಡಂ, ಮಾವನವರ ಅಣ್ಣನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅದನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೂ ತಪ್ಪದೆ ತಿಳಿಸಿ.

ಹದಿನಾಲ್ಕು ದಿನಗಳ ಔಷಧಿಯನ್ನು ಒಂದು ಹೊತ್ತೂ ಬಿಡದೆ ಮುಗಿಸಬೇಕು, ಏಕೆಂದರೆ ನಮ್ಮ ದೇಶದಲ್ಲಿ ಕ್ಲಾರಿಥ್ರೊಮೈಸಿನ್, ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಪೈಲೋರಿ ಸಾಕಷ್ಟಿದೆ. ಮುಗಿದು ಕನಿಷ್ಠ ನಾಲ್ಕು ವಾರಗಳಾದ ಮೇಲೆ ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜನ್ ಪರೀಕ್ಷೆ ಮಾಡಿಸಿ. ವೈದ್ಯರನ್ನು ಕೇಳಿ, ಅದಕ್ಕೆ ಎರಡು ವಾರ ಮುಂಚೆ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಬೇಕು, ಇಲ್ಲವಾದರೆ ಕ್ರಿಮಿ ಇದ್ದರೂ ಇಲ್ಲವೆಂದು ಬರಬಹುದು. ರಕ್ತದ ಪ್ರತಿಕಾಯ ಪರೀಕ್ಷೆ ಇದಕ್ಕೆ ಬೇಡ. ಕ್ರಿಮಿ ಹೋಗಿ ಬಹುಕಾಲವಾದರೂ ಅದು ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ.

ತಡವಾದರೂ ಚಿಕಿತ್ಸೆಯಿಂದ ಪ್ರಯೋಜನವಿದೆ. ಕೊರಿಯಾದಲ್ಲಿ ಆರಂಭದ ಜಠರ ಕ್ಯಾನ್ಸರ್ ತೆಗೆಸಿಕೊಂಡವರಿಗೆ ಪೈಲೋರಿ ಚಿಕಿತ್ಸೆ ಕೊಟ್ಟಾಗ ಮತ್ತೆ ಕ್ಯಾನ್ಸರ್ ಬಂದದ್ದು ಶೇಕಡ 7.2ರಷ್ಟು ಜನರಿಗೆ, ಕೊಡದಿದ್ದಾಗ ಶೇಕಡ 13.4ರಷ್ಟು ಜನರಿಗೆ. ಆದರೆ ಮಾವನವರ ಜಠರದ ಎರಡೂ ಭಾಗಗಳಲ್ಲಿ ಸವೆತ ಮತ್ತು ಮೆಟಾಪ್ಲೇಸಿಯಾ ಇರುವುದರಿಂದ, ಕುಟುಂಬದ ಇತಿಹಾಸವೂ ಸೇರಿದ್ದರಿಂದ, ಕ್ರಿಮಿ ಹೋದ ಮೇಲೂ ಎಂಡೋಸ್ಕೋಪಿ ನಿಗಾ ಬೇಕು. ವಿಸ್ತಾರವಾದ ಬದಲಾವಣೆ ಇರುವವರಿಗೆ ಯುರೋಪಿನ ಮಾರ್ಗಸೂಚಿಯು ಮೂರು ವರ್ಷಕ್ಕೊಮ್ಮೆ ಎನ್ನುತ್ತದೆ, ಕುಟುಂಬದಲ್ಲಿ ಕ್ಯಾನ್ಸರ್ ಇದ್ದರೆ ಇನ್ನೂ ಬೇಗ ಮಾಡುವುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಪ್ರತಿ ಸಲವೂ ಎರಡೂ ಭಾಗಗಳಿಂದ ಬೇರೆ ಬೇರೆ ಸೀಸೆಗಳಲ್ಲಿ ಚೂರುಗಳನ್ನು ಕಳುಹಿಸಲು ಕೇಳಿ. ಒಂದೇ ಸೀಸೆಯಲ್ಲಿ ಬಂದರೆ ಯಾವ ಚೂರು ಎಲ್ಲಿಯದು ಎಂದು ಹೇಳಲು ನಮಗೆ ಕಷ್ಟವಾಗುತ್ತದೆ.

ಸುಂಟಿಕೊಪ್ಪದ ವಿಜ್ಞಾನ ಶಿಕ್ಷಕಿ

ಹಾಗಾದರೆ ನನ್ನ ಪತಿ, ನಾದಿನಿ ಮತ್ತು ದೊಡ್ಡಮಾವನವರ ಮಕ್ಕಳಿಗೂ ಪರೀಕ್ಷೆ ಬೇಕೇ? ನಮ್ಮ ಮಗಳಿಗೆ ಹನ್ನೆರಡು ವರ್ಷ, ಅವಳಿಗೆ ಯಾವ ತೊಂದರೆಯೂ ಇಲ್ಲ.

ಮಡಿಕೇರಿಯ ರೋಗಶಾಸ್ತ್ರಜ್ಞೆ

ದೊಡ್ಡಮಾವನವರ ಮಕ್ಕಳಿಗೆ ಮೊದಲು. ಕ್ಯಾನ್ಸರ್ ಬಂದವರ ಮಕ್ಕಳು, ಒಡಹುಟ್ಟಿದವರು ಸೋಂಕಿತರಾಗಿದ್ದು ಚಿಕಿತ್ಸೆ ಪಡೆದರೆ ಅವರ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂದು ಕೊರಿಯಾದ ಇನ್ನೊಂದು ಅಧ್ಯಯನವು 2020ರಲ್ಲಿ ತೋರಿಸಿತು: ಚಿಕಿತ್ಸೆ ಪಡೆದವರಲ್ಲಿ ಶೇಕಡ 1.2, ಪಡೆಯದವರಲ್ಲಿ ಶೇಕಡ 2.7. ನಿಮ್ಮ ಪತಿ ಮತ್ತು ನಾದಿನಿಯವರೂ ಮಾವನವರೊಂದಿಗೆ ಒಂದೇ ಮನೆಯಲ್ಲಿ ಬೆಳೆದವರಾದ್ದರಿಂದ ಮಲದ ಆಂಟಿಜನ್ ಪರೀಕ್ಷೆ ಮಾಡಿಸಲಿ. ಅವರಿಗೆ ಮೇಲೆ ಸಿಸ್ಟರ್ ಹೇಳಿದ ಲಕ್ಷಣಗಳು ಇಲ್ಲದಿದ್ದರೆ ಎಂಡೋಸ್ಕೋಪಿಗೆ ಅವಸರವಿಲ್ಲ. ಮಗಳಿಗೆ ಈಗ ಪರೀಕ್ಷೆ ಬೇಡ: ಹುಣ್ಣಿನಂತಹ ಕಾರಣವಿಲ್ಲದೆ ಮಕ್ಕಳಲ್ಲಿ ಈ ಕ್ರಿಮಿಯನ್ನು ಹುಡುಕಿ ಚಿಕಿತ್ಸೆ ಕೊಡುವುದನ್ನು ಮಕ್ಕಳ ಜಠರರೋಗ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ ಒಪ್ಪುವುದಿಲ್ಲ. ದೊಡ್ಡವಳಾದ ಮೇಲೆ ಮಾಡಿಸಿದರೆ ಸಾಕು.